ಎಡಗೈ ತುತ್ತು

ಮೈಸೂರಿನಲ್ಲಿ ಸಮಾಜಕಾರ್ಯದ ಎಂ.ಎ. ಓದುವಾಗ ಅಂಗವಿಕಲರ ಪುನರ್ವಸತಿಯನ್ನೇ ವಿಶೇಷ ವಿಷಯವಾಗಿ ಆರಿಸಿಕೊಂಡವರು ನಮ್ಮ ತರಗತಿಯಲ್ಲಿ ಬೆರಳೆಣಿಕೆಯಷ್ಟು ಜನ. ಅದನ್ನು ಕಲಿಸುತ್ತಿದ್ದ ಮೇಡಂ ಮೊದಲ ವಾರದಲ್ಲೇ ನಮ್ಮ ಬಲಗೈ ಬೆನ್ನಿಗೆ ಕಟ್ಟಿಸಿ, ಒಂದು ದಿನ ಹಾಗೇ ಇರಿ ಎಂದರು. ಜಡೆ ಹೆಣೆಯಲಾಗಲಿಲ್ಲ, ಸೀರೆಯ ನೆರಿಗೆ ನಿಲ್ಲಲಿಲ್ಲ. ಹಾಸ್ಟೆಲಿನ ಊಟದ ಪಂಕ್ತಿಯಲ್ಲಿ ಎಡಗೈಯಲ್ಲಿ ಅನ್ನ ಕಲಸಿದಾಗ ಎದುರಿಗೆ ಕೂತ ಹುಡುಗಿ ತಟ್ಟೆ ಎತ್ತಿಕೊಂಡು ಆಚೆ ಹೋದಳು. ನೋವಾಯಿತು. ಅದರ ಜೊತೆಗೇ, ಈ ಕೆಲಸವನ್ನೇ ಮಾಡುತ್ತೇನೆ ಅನ್ನುವುದೂ ಅವತ್ತೇ ಮನಸ್ಸಿನಲ್ಲಿ ಗಟ್ಟಿಯಾಯಿತು.

ಕಡೂರಿನಲ್ಲಿ ಅಪ್ಪನದು ಕೊಬ್ಬರಿ ವ್ಯಾಪಾರ. ಮಗಳು ಕಾಲೇಜಿನಲ್ಲಿ ಲೆಕ್ಚರರ್ ಆಗುತ್ತಾಳೆ ಅಂತ ನೆಂಟರಿಗೆಲ್ಲ ಹೇಳಿಕೊಂಡಿದ್ದರು. ನಾನು ಒಂದು ಸೇವಾಸಂಸ್ಥೆ ಸೇರಿ, ಕಡೂರು, ತರೀಕೆರೆ ತಾಲ್ಲೂಕುಗಳ ಹಳ್ಳಿ ಸುತ್ತುವ ಕೆಲಸ ಹಿಡಿದಾಗ ಅವರು ನನ್ನ ಜೊತೆ ಮಾತು ಬಿಟ್ಟರು. ಅವ್ವ ಮಾತ್ರ ದಿನಾ ಬೆಳಿಗ್ಗೆ ಬುತ್ತಿ ಕಟ್ಟಿಕೊಟ್ಟು, ದಿನಾ ಒಂದೇ ಪ್ರಶ್ನೆ ಕೇಳುತ್ತಿದ್ದಳು, ಇದು ಎಂಥ ಕೆಲಸ ಅಂತ ಜನಕ್ಕೆ ಹೇಳಲಿ?

ಅದನ್ನು ಹೇಳುವುದು ನನಗೂ ಸುಲಭವಿರಲಿಲ್ಲ. ತರೀಕೆರೆ ಕಡೆ ‘ಪುನರ್ವಸತಿ’ ಅಂದರೆ ಭದ್ರಾ ಅಣೆಕಟ್ಟೆಯಲ್ಲಿ ಊರು ಮುಳುಗಿದವರಿಗೆ ಜಮೀನು ಕೊಡುವುದು. ಒಂದು ಊರಿನಲ್ಲಿ ನಾನು ಆ ಮಾತು ಎತ್ತಿದ್ದೇ ತಡ, ಮುದುಕರೊಬ್ಬರು ಯಾವ ಸರ್ವೆ ನಂಬರಿನಲ್ಲಿ ಕೊಡ್ತೀರಿ ಅಂತ ವಿಚಾರಿಸಿದರು. ಆಮೇಲೆ ನಾನು ಆ ಪದ ಬಿಟ್ಟೆ. ಕೈಕಾಲು ಹೋದವರು, ಕಣ್ಣು ಕಾಣದವರು ಮುಂದೆ ಹ್ಯಾಗೆ ಬದುಕಬೇಕು ಅಂತ ಅವರ ಜೊತೆ ಕೂತು ಯೋಚನೆ ಮಾಡೋಳು ಅಂತಿದ್ದೆ. ಜನ ಅದನ್ನು ಚಿಕ್ಕದು ಮಾಡಿ ‘ಕೈಕಾಲು ಕೊಡೋ ಮೇಡಮ್ಮು’ ಅಂದರು.

ಅಂತರಘಟ್ಟೆ ದಾರಿಯ ಒಂದು ಹಳ್ಳಿಯಲ್ಲಿ ಅವಳು ಸಿಕ್ಕಿದ್ದು ಹೀಗೆ ಸುತ್ತುವಾಗಲೇ. ನನಗಿಂತ ಸ್ವಲ್ಪ ಚಿಕ್ಕವಳು. ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು. ಭದ್ರಾ ನಾಲೆಯ ಕೆಳಗಿನ ಊರಿಗೆ ಮದುವೆ ಮಾಡಿಕೊಟ್ಟಿದ್ದರು. ಅಲ್ಲಿ ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡುವಾಗ ಬಲಗೈ ಸಿಕ್ಕಿ, ಮೊಣಕೈ ಕೆಳಗೆ ತೆಗೆಯಬೇಕಾಯಿತು. ಗಾಯ ಮಾಯುವವರೆಗೆ ತವರಲ್ಲಿರಲಿ ಅಂತ ಗಂಡನ ಮನೆಯವರು ತಂದು ಬಿಟ್ಟರು. ಗಾಯ ಮಾಯಿತು, ಯಾರೂ ಕರೆಯಲು ಬರಲಿಲ್ಲ.

ಮನೆಯಲ್ಲಿದ್ದವಳು ತಾಯಿ ಒಬ್ಬಳೇ. ನಾನು ಹೋದಾಗಲೆಲ್ಲ ಮಾತಾಡುತ್ತಿದ್ದವಳೂ ಅವಳೇ. ಮಗಳಿಗೆ ಒಂದು ಕಡ್ಡಿ ಎತ್ತಿಡಲೂ ಬಿಡುತ್ತಿರಲಿಲ್ಲ. ತಾನೇ ತಲೆ ಬಾಚಿ, ತಾನೇ ಮುದ್ದೆ ಮುರಿದು ಬಾಯಿಗಿಡುತ್ತಿದ್ದಳು. ಮರದ್ದೋ ರಬ್ಬರಿನದೋ ಒಂದು ಕೈ ಕೊಡಿಸಿಬಿಡವ್ವಾ, ಅಳಿಯ ಬಂದು ಕರ್ಕೊಂಡು ಹೋಗ್ತಾನೆ ಅನ್ನುತ್ತಿದ್ದಳು. ಅಂಥ ಕೈ ನೋಡುವುದಕ್ಕಷ್ಟೇ, ಅದರಲ್ಲಿ ಏನೂ ಹಿಡಿಯಲಾಗುವುದಿಲ್ಲ ಅಂತ ನಾನು ಹೇಳಿದೆ. ಮಗಳು ಸೆರಗಿನಲ್ಲಿ ಮೋಟುಗೈ ಮುಚ್ಚಿಕೊಂಡು ನೆಲ ನೋಡುತ್ತ ಕೂತಿದ್ದಳು.

ಒಂದು ಮಧ್ಯಾಹ್ನ ನಾನು ಹೊರಟಾಗ ಬಸ್ಸಿನವರೆಗೂ ಬಂದಳು. ಬಸ್ಸು ತಡವಿತ್ತು. ನಿನಗೆ ಏನು ಬೇಕು ಅಂತ ಅವಳನ್ನೇ ಕೇಳಿದೆ.

“ನನಗೆ ಕೈ ಬೇಡ ಅಕ್ಕಾ,” ಅಂದಳು. “ನಮ್ಮವ್ವ ನನ್ನ ಬಾಯಿಗೆ ತುತ್ತಿಡೋದು ನಿಲ್ಲಬೇಕು.”

ಅಲ್ಲಿಂದ ನಮ್ಮ ಕೆಲಸ ಶುರುವಾಯಿತು. ಕಷ್ಟದ್ದು ಕಲಿಯುವುದಲ್ಲ, ತಾಯಿಯನ್ನು ಒಪ್ಪಿಸುವುದು. ಎಡಗೈ ಯಾವುದಕ್ಕೆ ಅಂತ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಆ ಕೈಯಲ್ಲಿ ಮಗಳು ಉಣ್ಣುವುದನ್ನು ನೋಡಲಾರದೆ ತಾಯಿ ಎದ್ದು ಹಿತ್ತಿಲಿಗೆ ಹೋದಳು. ಮಗಳು ಅಳುತ್ತಲೇ ಉಂಡಳು, ಆದರೆ ಪೂರ್ತಿ ಉಂಡಳು. ಮರುವಾರ ಹೋದಾಗ ಒಲೆ ಮುಂದೆ ಕೂತಿದ್ದಳು. ಮುದ್ದೆ ತೊಳಸುವಾಗ ಪಾತ್ರೆ ಅಲುಗದಂತೆ ಎಲ್ಲ ಹೆಂಗಸರೂ ಕವೆಗೋಲನ್ನು ಕಾಲಲ್ಲಿ ಒತ್ತಿ ಹಿಡಿಯುತ್ತಾರೆ. ಅಷ್ಟರಮಟ್ಟಿಗೆ ಅವಳಿಗೂ ತೊಂದರೆಯಿರಲಿಲ್ಲ. ಹಿಟ್ಟು ಗಟ್ಟಿಯಾಗುತ್ತ ಬಂದಾಗ ಒಂದೇ ಕೈಗೆ ಬಲ ಸಾಲುತ್ತಿರಲಿಲ್ಲ. ತೊಳಸುವ ಕೋಲಿನ ತುದಿಯನ್ನು ಬಲ ಮೊಣಕೈಯ ಮಡಿಕೆಗೆ ಸಿಕ್ಕಿಸಿ ನೋಡೋಣ ಅಂದೆ. ಮೊದಲು ಪಾತ್ರೆಯೇ ಮಗುಚಿತು. ಉದ್ದನೆಯ ಕೋಲು ಮಾಡಿಸಿಕೊಂಡಳು. ಗಂಟಿಲ್ಲದ ಮುದ್ದೆ ಬರುವ ಹೊತ್ತಿಗೆ ಶ್ರಾವಣ ಮುಗಿದಿತ್ತು. ಸ್ಲೇಟಿನ ಮೇಲೆ ಎಡಗೈ ಅಕ್ಷರವೂ ಅಷ್ಟರಲ್ಲಿ ದುಂಡಗಾಗಿತ್ತು.

ಆ ಊರಿಗೆ ಅಂಗನವಾಡಿ ಬರುತ್ತದೆ ಅನ್ನುವ ಸುದ್ದಿ ಬಂದಾಗ, ಕಾರ್ಯಕರ್ತೆಯ ಕೆಲಸಕ್ಕೆ ಅರ್ಜಿ ಹಾಕುತ್ತೇನೆ ಅಂದವಳು ಅವಳೇ. ತರೀಕೆರೆಯ ಕಚೇರಿಗೆ ಇಬ್ಬರೂ ಹೋದೆವು. ಅಧಿಕಾರಿ ಕೆಟ್ಟವರೇನಲ್ಲ. ಚಿಕ್ಕ ಮಕ್ಕಳ ಕೆಲಸ, ರಿಜಿಸ್ಟರ್ ಬರೆಯಬೇಕು, ಮಗು ಎತ್ತಿಕೊಳ್ಳಬೇಕು, ಒಂದೇ ಕೈಯಲ್ಲಿ ಆಗುತ್ತದಾ ಅಂತ ನನ್ನನ್ನು ಕೇಳಿದರು. ಅವಳನ್ನೇ ಕೇಳಿ ಸಾರ್ ಅಂದೆ. ಅವಳು ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡು ತನ್ನ ಹೆಸರು, ಊರು, ಓದಿದ್ದು ಎಲ್ಲ ಬರೆದು ತೋರಿಸಿದಳು. ಮಗು ಎತ್ತಿಕೊಳ್ಳೋದು ಸೊಂಟದ ಮೇಲೆ ಸಾರ್, ಒಂದು ಕೈ ಸಾಕು ಅಂದಳು. ಅವರು ಆಗಲೇ ಆದೇಶ ಕೊಡಲಿಲ್ಲ. ತಿಂಗಳುಗಟ್ಟಲೆ ಓಡಾಡಿಸಿದರು. ಹೋಗಿ ಬಂದೆವು, ಮತ್ತೆ ಹೋದೆವು. ಕಡೆಗೆ ಕೆಲಸ ಸಿಕ್ಕಿತು.

ತೊಡಕು ಊರಲ್ಲಿ ಎದ್ದಿತು. ಉಪ್ಪಿಟ್ಟು ಬೇಯಿಸಲು ಸಹಾಯಕಿ ಇದ್ದಳು, ಬಡಿಸುವವಳು ಇವಳು, ಅದೂ ಎಡಗೈಯಲ್ಲಿ. ತಾಯಂದಿರು ಒಬ್ಬೊಬ್ಬರಾಗಿ ಮಕ್ಕಳನ್ನು ಕಳಿಸುವುದು ಬಿಟ್ಟರು. ನಾನು ಹೋದ ದಿನ ಖಾಲಿ ಚಾಪೆಯ ಮುಂದೆ ಅವಳು ಒಬ್ಬಳೇ ಕೂತಿದ್ದಳು. ಸಹಾಯಕಿ ಬಡಿಸಲಿ, ನೀನು ಪಾಠ ಹೇಳು ಅಂದೆ. ಅವಳು ಒಪ್ಪಲಿಲ್ಲ. ಇವತ್ತು ಸೌಟು ಬಿಟ್ಟರೆ ನಾಳೆ ಸೀಮೆಸುಣ್ಣ ಬಿಡು ಅಂತಾರೆ ಅಕ್ಕಾ ಅಂದಳು.

ಅವಳ ತಾಯಿಗೆ ಇದು ಗೊತ್ತಾಯಿತು. ಮರುದಿನ ಮಕ್ಕಳ ಊಟದ ಹೊತ್ತಿಗೆ ಆಕೆ ಬಂದು, ಕುತೂಹಲಕ್ಕೆ ಬಂದು ಬಾಗಿಲಲ್ಲಿ ನಿಂತ ಹೆಂಗಸರೆಲ್ಲ ನೋಡುವಂತೆ ಚಾಪೆಯ ಮೇಲೆ ಚಕ್ಕಳಬಕ್ಕಳ ಹಾಕಿ ಕೂತಳಂತೆ.

“ಬಡಿಸು ಕಣೇ,” ಅಂದಳಂತೆ. “ನಾನು ಹೆತ್ತ ಕೈ ಎರಡೂ ಒಂದೇ.”

ಮಗಳು ಬಡಿಸಿದಳು, ತಾಯಿ ಉಂಡಳು. ಇದನ್ನು ನನಗೆ ಹೇಳಿದ್ದು ಆ ಸಹಾಯಕಿ. ಅವತ್ತೇ ಎಲ್ಲರೂ ಬದಲಾದರು ಅನ್ನಲಾರೆ. ಆ ವಾರ ಮಕ್ಕಳು ಅರ್ಧ ಬಂದರು, ಮಳೆಗಾಲದ ಹೊತ್ತಿಗೆ ಮಿಕ್ಕವರಲ್ಲೂ ಹೆಚ್ಚಿನವರು ಬಂದರು. ಎರಡು ಮನೆಯವರು ಕಡೆಯವರೆಗೂ ಕಳಿಸಲೇ ಇಲ್ಲ.

ಸಂಬಳ ಬರುತ್ತಿರುವ ಸುದ್ದಿ ನಾಲೆಯ ಕೆಳಗಿನ ಊರಿಗೂ ಮುಟ್ಟಿ, ಗಂಡ ಬಂದ. ಮೆತ್ತನೆಯ ಮನುಷ್ಯ, ತನ್ನ ತಾಯಿಯ ಮಾತು ಮೀರಲಾರದೆ ಇಷ್ಟು ದಿನ ಸುಮ್ಮನಿದ್ದವನು. ಬಾ ಹೋಗೋಣ ಅಂದ. ಶಾಲೆ ಬಿಟ್ಟು ಬರಲ್ಲ, ಬೇಕಾದ್ರೆ ನೀವೇ ಇಲ್ಲಿಗೆ ಬನ್ನಿ ಅಂದಳು. ಅವನು ಒಬ್ಬನೇ ತಿರುಗಿ ಹೋದ. ಮನೆಯಳಿಯ ಅನ್ನಿಸಿಕೊಳ್ಳಲು ಯಾವ ಗಂಡಸು ಒಪ್ಪುತ್ತಾನೆ ಅಂತ ನಾನು ಆ ಆಸೆ ಬಿಟ್ಟಿದ್ದೆ. ಅವಳೂ ಬಿಟ್ಟಿದ್ದಳೋ ಏನೋ, ಅವನ ವಿಷಯ ಎತ್ತುತ್ತಿರಲಿಲ್ಲ. ರಾಗಿ ಕುಯ್ಲು ಆದ ಮೇಲೆ ಅವನು ಎರಡು ಎತ್ತು ಹೊಡೆದುಕೊಂಡು ಬಂದು, ಅತ್ತೆಯ ಹೊಲ ಉಳಲು ನಿಂತ. ಊರವರು ನಕ್ಕರು. ಅವನು ಉತ್ತುಕೊಂಡೇ ಇದ್ದ.

ಅದು ನನ್ನ ಓದಿನ ಫಲ ಅಂತ ಹೇಳಿಕೊಳ್ಳಲಾರೆ. ಅವಳ ಮನೆಯಲ್ಲಿ ಊಟ ಮಾಡಿ ಬಂದ ಸಂಜೆ, ಕಡೂರಿನಲ್ಲಿ ಅಪ್ಪ ಅಂಗಡಿ ಮುಂದೆ ಕೂತಿದ್ದವರು, ನಾಳೆ ಯಾವ ಕಡೆ ಅಂತ ತಾವಾಗಿಯೇ ಕೇಳಿದರು. ಬೀರೂರು, ರೈಲ್ವೆ ಕೆಲಸದಲ್ಲಿ ಕಾಲು ಕಳೆದುಕೊಂಡವರೊಬ್ಬರು ಮನೆಯಿಂದ ಹೊರಗೆ ಬರುತ್ತಿಲ್ಲ ಅಂದೆ. ಮೊದಲನೇ ಬಸ್ಸಿಗೆ ಹೋಗು, ಆಮೇಲೆ ರಶ್ಶು ಅಂದರು.