ನಮ್ಮ ಮದುವೆಗೆ ಅಡ್ಡ ಬಂದ ಪಟೇಲ

ಕೊರೊನಾ ಬರುವುದಕ್ಕೆ ಹಿಂದಿನ ವರ್ಷ, ದೀಪಾವಳಿ ಮುಗಿದ ವಾರ. ನನಗೆ ಮೂವತ್ತೊಂದು ತುಂಬಿತ್ತು. ಕೊಪ್ಪದ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿಕೊಂಡಿದ್ದೆ. ನೆಂಟರ ಪ್ರಕಾರ ನನ್ನ ಮದುವೆಯ ವಯಸ್ಸು ಯಾವತ್ತೋ ದಾಟಿತ್ತು. ಹಾಗಿರುವಾಗ ನರಸಿಂಹರಾಜಪುರದ ಹತ್ತಿರದ ಕಡಹಿನಬೈಲಿನಿಂದ ಒಂದು ಸಂಬಂಧ ಬಂತು. ಹುಡುಗ ಮಂಜುನಾಥ, ಎನ್.ಆರ್. ಪುರದಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುವ ಅಂಗಡಿ ಇಟ್ಟಿದ್ದರು.

ಅವರು ಬರುವ ದಿನ ಬೆಳಿಗ್ಗೆ ಅಮ್ಮ ನನ್ನ ಜಡೆ ಹಾಕುತ್ತ ಹೇಳಿದರು. "ನೋಡು ಸುಮಾ, ಕೇಳಿದ್ದಕ್ಕೆ ಹೂಂ, ಉಹೂಂ, ಅಷ್ಟೇ. ಪುಸ್ತಕದ ವಿಷ್ಯ ಮಾತ್ರ ನೀನು ಎತ್ತಬೇಡ ಮಾರಾಯ್ತಿ."

ಎತ್ತುವುದಿಲ್ಲ ಎಂದು ಮಾತು ಕೊಟ್ಟೆ. ಎತ್ತಲೂ ಇಲ್ಲ.

ಬಂದವರು ಮೂವರೇ. ಮಂಜುನಾಥ, ಅವರ ಅಪ್ಪ ನಾಗಪ್ಪಗೌಡರು, ಅಮ್ಮ ಶಾರದಮ್ಮ. ಗೌಡರು ಎತ್ತರದ ಆಳು, ಗಟ್ಟಿ ದನಿ. ಶಾರದಮ್ಮ ಗಂಡನ ಪಕ್ಕ ಬೆಂಚಿನ ತುದಿಯಲ್ಲಿ, ಯಾವಾಗ ಬೇಕಾದರೂ ಎದ್ದು ಹೋಗುವವರ ಹಾಗೆ ಕುಳಿತಿದ್ದರು. ಉಪ್ಪಿಟ್ಟು, ಬಾಳೆಹಣ್ಣು ಕೊಟ್ಟ ಮೇಲೆ ನಮ್ಮಣ್ಣ ನಮ್ಮಿಬ್ಬರನ್ನು ಮಾತಾಡಿಕೊಳ್ಳಿ ಎಂದು ಜಗಲಿಗೆ ಕಳಿಸಿದ. ಮಂಜುನಾಥರ ಬೆರಳಿನ ಸಂದಿಯಲ್ಲಿ ತೊಳೆದರೂ ಹೋಗದ ಮಸಿ ಇತ್ತು. ಅಂಗಳದ ಕಡೆ ನೋಡುತ್ತ, "ನಿಮಗೆ ಇಷ್ಟ ಇಲ್ಲದಿದ್ರೆ ನನ್ನತ್ರ ಹೇಳಿ. ನಾನೇ ಬೇಡ ಅಂದೆ ಅಂತ ಮನೇಲಿ ಹೇಳ್ತೇನೆ. ನಿಮಗೆ ಯಾರೂ ಬಯ್ಯೋದು ಬೇಡ" ಎಂದರು.

ಅಷ್ಟು ಜನ ನನ್ನನ್ನು ನೋಡಿಕೊಂಡು ಹೋಗಿದ್ದರು, ಅಂಥ ಮಾತು ಯಾರೂ ಆಡಿರಲಿಲ್ಲ. ಇವರು ಸಿಕ್ಕಿದರೆ ಆಗಬಹುದು ಅಂತ ಅವತ್ತೇ ಅನ್ನಿಸಿತು.

ಒಳಗೆ ಬಂದು ಕೂತೆವು. ಕಾಫಿ ಬಂತು. ಗೌಡರು ಕೇಳಿದರು, "ಎಂತ ಪಾಠ ಮಾಡ್ತೀಯಮ್ಮ?"

"ಕನ್ನಡ."

"ಹಾಗಾದ್ರೆ ಓದಿರ್ತೀಯ ಬಿಡು" ಎಂದು ಒಂದು ಹಳೆಯ ಕಾದಂಬರಿಯ ಹೆಸರು ಹೇಳಿದರು. ಅದರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಆ ಜಗಳ ನಮ್ಮ ಮನೆಯೊಳಗೇ ಇರಲಿ. ಅದರಲ್ಲೊಬ್ಬ ಪಟೇಲ ಬರುತ್ತಾನೆ. ಊರಿಗೆ ಸಿಡುಬು ಬಂದು ಜನ ಓಡಿಹೋದಾಗ ಅವನೊಬ್ಬ ಉಳಿದು, ಯಾರೂ ಮುಟ್ಟದ ಹೆಣಗಳನ್ನು ತಾನೇ ಹೊತ್ತು ಸಂಸ್ಕಾರ ಮಾಡುತ್ತಾನೆ. ಅದೇ ಪಟೇಲ, ತನ್ನಿಷ್ಟದಂತೆ ಮದುವೆಯಾದ ತಂಗಿಯನ್ನು ಮನೆಯಿಂದ ಹೊರಗೆ ಹಾಕಿರುತ್ತಾನೆ. ಹೆಂಡತಿ ಹಿತ್ತಿಲ ಬಾಗಿಲಲ್ಲಿ ಆ ತಂಗಿಗೆ ಅನ್ನ ಕೊಟ್ಟದ್ದು ಗೊತ್ತಾದಾಗ, ಹೆಂಡತಿಯ ಜೊತೆ ಮಾತು ಬಿಡುತ್ತಾನೆ. ಮತ್ತೆ ಆಡುವುದೇ ಇಲ್ಲ.

"ಗಂಡಸು ಅಂದ್ರೆ ಹಾಗಿರ್ಬೇಕು" ಎಂದರು ಗೌಡರು. "ಸಿನಿಮಾನೂ ನೋಡಿದೀನಿ, ಟೆಂಟಲ್ಲಿ. ದೇವರಂಥ ಮನುಷ್ಯ. ಅಲ್ವೇನಮ್ಮ?"

ಇದಕ್ಕೆ ಉತ್ತರ ಹೂಂ ಅಂತ ನನಗೂ ಗೊತ್ತಿತ್ತು. ಅಮ್ಮ ಬಾಗಿಲ ಸಂದಿಯಿಂದ ನನ್ನನ್ನೇ ನೋಡುತ್ತಿದ್ದರು. ಆದರೆ ಆ ಹೂಂ ಬಾಯಿಂದ ಬರಲಿಲ್ಲ.

"ಊರಿನ ಹೆಣಕ್ಕೆಲ್ಲ ಹೆಗಲು ಕೊಟ್ಟ. ಮನೇಲಿ ಬದುಕಿದ್ದ ಹೆಂಡತಿಗೆ ಒಂದು ಮಾತು ಕೊಡ್ಲಿಲ್ಲವಲ್ಲ" ಎಂದೆ.

ಗೌಡರ ಕೈಯ ಲೋಟ ಅಲ್ಲೇ ನಿಂತಿತು. "ಮಾತು ಬಿಟ್ಟದ್ದು ಮರ್ಯಾದೆಗೆ."

"ಅವಳು ಕೊಟ್ಟದ್ದು ಅನ್ನ ಅಲ್ವಾ?"

"ಅಂದ್ರೆ ಅವನು ಕೆಟ್ಟವನು ಅಂತಲಾ ನೀನು ಹೇಳೋದು?"

"ಕೆಟ್ಟವನು ಅನ್ನಲಿಲ್ಲ. ಹೆಣ ಹೊತ್ತವನೂ ಅವನೇ, ಮಾತು ಬಿಟ್ಟವನೂ ಅವನೇ ಅಂದೆ."

ಗೌಡರು ಲೋಟ ಕೆಳಗಿಟ್ಟರು. ಅರ್ಧ ಕಾಫಿ ಹಾಗೇ ಇತ್ತು. "ಹೊರಡೋಣ" ಎಂದು ಎದ್ದರು. ಅಣ್ಣ ಏನೇನೋ ಹೇಳುತ್ತ ಹಿಂದೆ ಓಡಿದ. ಶಾರದಮ್ಮ ಚಪ್ಪಲಿ ಮೆಟ್ಟುವಾಗ ನನ್ನ ಕೈಯನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟರು. ಯಾಕೆಂದು ಆಗ ತಿಳಿಯಲಿಲ್ಲ. ಜೀಪು ಹೋಯಿತು.

"ಬಾಯಿಗೆ ಬೀಗ ಹಾಕ್ಕೊಳ್ಳೋಕೆ ಆಗ್ತಿರ್ಲಿಲ್ವಾ ನಿಂಗೆ? ಯಾವುದೋ ಕಥೆಯ ಪಟೇಲ, ಹುಟ್ಟೇ ಇಲ್ಲದವನು, ಅವನಿಗೋಸ್ಕರ!" ಎಂದು ಅಣ್ಣ ಕೂಗಾಡಿದ. ಅಮ್ಮ ಬಯ್ಯಲೇ ಇಲ್ಲ. ಉಳಿದ ಉಪ್ಪಿಟ್ಟನ್ನು ಡಬ್ಬಿಗೆ ಹಾಕಿದರು. ಬೈದಿದ್ದರೇ ಚೆನ್ನಾಗಿತ್ತು. ನಾನು ಆಡಿದ್ದು ತಪ್ಪು ಅಂತ ನನಗನ್ನಿಸಲಿಲ್ಲ. ಆದರೂ ಜಗಲಿಯಲ್ಲಿ ಮಂಜುನಾಥರು ಹೇಳಿದ್ದ ಮಾತು ನೆನಪಾದಾಗಲೆಲ್ಲ ಎದೆ ಭಾರವಾಗುತ್ತಿತ್ತು.

ಎರಡು ವಾರ ಕಳೆದರೂ ಸುದ್ದಿಯಿಲ್ಲ. ಮುಗಿಯಿತು ಅಂದುಕೊಂಡೆವು.

ಒಂದು ಶನಿವಾರ ಮಧ್ಯಾಹ್ನ ಸ್ಕೂಲು ಬಿಟ್ಟು ಹೊರಗೆ ಬರುತ್ತೇನೆ, ಗೇಟಿನ ಹತ್ತಿರ ನಾಗಪ್ಪಗೌಡರು! ಕಂಕುಳಲ್ಲಿ ಕೊಡೆ, ಕೈಯಲ್ಲಿ ಬಟ್ಟೆಯ ಚೀಲ. ಒಬ್ಬರೇ ಬಸ್ಸಿನಲ್ಲಿ ಬಂದಿದ್ದರು. "ಎಲ್ಲಾದ್ರೂ ಕೂತು ಮಾತಾಡುವ" ಎಂದರು. ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿಗೆ ಹೋದೆವು. ಚೀಲದಿಂದ ಆ ಕಾದಂಬರಿಯನ್ನು ತೆಗೆದು ಮೇಜಿನ ಮೇಲಿಟ್ಟರು. ಎಲ್ಲಿಂದಲೋ ಹುಡುಕಿ ತಂದದ್ದು, ರಟ್ಟು ಕಿತ್ತುಹೋಗಿತ್ತು.

"ಮತ್ತೆ ಓದಿದೆ" ಎಂದರು. "ಮೊದ್ಲು ಓದಿದ್ದು ಹುಡುಗನಿದ್ದಾಗ. ಆಗ ನಂಗೆ ಹೆಂಡ್ತಿ ಇರ್ಲಿಲ್ಲ ನೋಡು. ಈಗ ಓದಿದ್ರೆ ಯಾವ ಪುಟ ತೆಗೆದ್ರೂ ಆ ಹೆಂಗಸು ಅಡುಗೆಮನೇಲಿ ಸುಮ್ನೆ ನಿಂತಿದಾಳೆ ಮಾರಾಯ್ತಿ. ಆಗ ಕಣ್ಣಿಗೇ ಬಿದ್ದಿರ್ಲಿಲ್ಲ."

ನಾನು ಪುಸ್ತಕವನ್ನು ನನ್ನ ಕಡೆ ಎಳೆದುಕೊಂಡೆ.

"ಇನ್ನೊಂದು ಗೊತ್ತಾ? ಸಿನಿಮಾದಲ್ಲಿ ಅವನು ಕೊನೇಲಿ ಹೆಂಡ್ತಿ ಮುಂದೆ ಅಳ್ತಾನೆ. ಪುಸ್ತಕದಲ್ಲಿ ಅಳೋದೇ ಇಲ್ಲ! ನಾನು ಆ ಸಿನಿಮಾದ ಅಳು ನೆನಪಿಟ್ಕೊಂಡು ಇಷ್ಟು ವರ್ಷ ಪುಸ್ತಕದ ಪಟೇಲನ್ನ ಹೊಗಳ್ತಾ ಇದ್ದೆ."

ಆಮೇಲೆ ದನಿ ತಗ್ಗಿಸಿದರು. ಓದಿ ಮುಗಿಸಿದ ದಿನ ಹೆಂಡತಿಯನ್ನು ಕರೆದು ಕಥೆಯನ್ನೆಲ್ಲ ಹೇಳಿ, ನಿನಗೇನನ್ನಿಸುತ್ತದೆ ಎಂದು ಕೇಳಿದರಂತೆ. ಶಾರದಮ್ಮ ಅಕ್ಕಿ ಆರಿಸುವುದನ್ನು ನಿಲ್ಲಿಸದೆ, "ನಂಗೆಂತ ಗೊತ್ತು? ನನ್ನ ತಮ್ಮನ ಮದುವೇಲಿ ನಿಮ್ಮನ್ನ ಸರಿಯಾಗಿ ಮಾತಾಡಿಸ್ಲಿಲ್ಲ ಅಂತ ನೀವು ಹಿರೇಕೊಡಿಗೆ ದಾರಿ ಬಿಟ್ರಿ. ನಿಮ್ಮ ಜೊತೆ ನಾನೂ ಬಿಟ್ಟೆ" ಎಂದರಂತೆ. ಹಿರೇಕೊಡಿಗೆ ಅವರ ತವರು. ಹತ್ತು ವರ್ಷದ ಮೇಲಾಗಿತ್ತಂತೆ ಅವರು ಅಲ್ಲಿಗೆ ಹೋಗದೆ.

"ಒಂದು ದಿನ ಬಾಯಿ ಬಿಟ್ಟು ಹೇಳಿರ್ಲಿಲ್ಲ ಅವಳು. ನಾನೂ ಕೇಳಿರ್ಲಿಲ್ಲ" ಎಂದು ಗೌಡರು ಕಿಟಕಿಯ ಕಡೆ ತಿರುಗಿದರು. "ನೀನು ಹೇಳಿದ್ದೇ ಸರಿ. ಆ ಪಟೇಲ ಪ್ರಯೋಜನ ಇಲ್ಲದ ಮನುಷ್ಯ" ಎಂದರು.

"ಹಾಗಲ್ಲ" ಎಂದುಬಿಟ್ಟೆ. "ಹೆಣ ಹೊತ್ತದ್ದು ಸುಳ್ಳಾ? ಎಲ್ಲರೂ ಓಡಿಹೋದಾಗ ಅವನೊಬ್ಬನೇ ಉಳಿದದ್ದು."

ಗೌಡರು ಕಣ್ಣರಳಿಸಿ ನೋಡಿದರು. "ಅಲ್ಲ ಮಾರಾಯ್ತಿ, ನೀನು ಯಾವ ಕಡೆ?"

ಇಬ್ಬರಿಗೂ ನಗು ಬಂತು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಮುಂದೆ ತುಂಬ ಹೊತ್ತು ಪಟೇಲನ ಮೇಲೆ ವಾದ ಮಾಡಿದೆವು. ತರಿಸಿದ್ದ ಬನ್ಸ್ ತಣ್ಣಗಾಯಿತು. ಏಳುವಾಗ ಅವರೇ ವಿಷಯಕ್ಕೆ ಬಂದರು. "ಮದುವೆಗೆ ಸೋದರಮಾವ ಬೇಕಲ್ಲ. ನಾಳೆ ಹಿರೇಕೊಡಿಗೆಗೆ ಹೋಗ್ತಿದೇವೆ, ಕರೆಯೋಕೆ. ಅದಕ್ಕೆ ಮೊದ್ಲು ನಿನ್ನನ್ನ ಕೇಳಿ ಬನ್ನಿ ಅಂದ್ಲು ಅವಳು."

"ನಿಮ್ಮ ಮಗ?" ಎಂದೆ, ತಲೆ ಎತ್ತದೆ.

"ಅವನಿಗೆಂತ? ಜೀಪು ನಿಮ್ಮ ಗೇಟು ದಾಟೋ ಮೊದ್ಲೇ ಹೂಂ ಅಂದಾಗಿತ್ತು. ತಡ ಆದದ್ದು ನನ್ನಿಂದ."

ಹಿರೇಕೊಡಿಗೆಯಲ್ಲಿ ಏನಾಯಿತೆಂದು ಅತ್ತೆ ಶಾರದಮ್ಮ ಆಮೇಲೆ ನನಗೆ ಹೇಳಿದರು. ಮಾವ ಅಂಗಳದವರೆಗೆ ಹೋದವರು ಅಲ್ಲೇ ನಿಂತುಬಿಟ್ಟರಂತೆ. ಬಾಯೇ ಹೊರಡದು. ಅತ್ತೆಯ ತಮ್ಮ ಹೊರಗೆ ಬಂದು ಇವರನ್ನು ನೋಡಿ ಅವರೂ ನಿಂತರು. ಕೊನೆಗೆ ಮಾವ ಮೆಟ್ಟಿಲ ಹತ್ತಿರ ಬೊಗಳುತ್ತಿದ್ದ ನಾಯಿಯನ್ನು ತೋರಿಸಿ, "ಈ ನಾಯಿ ಹೊಸದಾ?" ಎಂದು ಕೇಳಿದರಂತೆ.

"ನಾಯಿಗೆ ವಯಸ್ಸಾಯ್ತು ಬಾವ, ನೀವೇ ಅದಕ್ಕೆ ಹೊಸಬ್ರು. ಕಾಲು ತೊಳೀರಿ, ಒಳಗೆ ಬನ್ನಿ" ಎಂದರಂತೆ ತಮ್ಮ. ಅತ್ತೆ ಸೀದಾ ಅಡುಗೆಮನೆಗೆ ಹೋಗಿ, ತಮ್ಮನ ಹೆಂಡತಿಯನ್ನು ತಬ್ಬಿಕೊಂಡು ಅತ್ತರಂತೆ. ಇದನ್ನು ಹೇಳುವಾಗಲೂ ಅವರ ಕಣ್ಣು ತುಂಬಿತ್ತು.

ಶೃಂಗೇರಿಯ ಒಂದು ಛತ್ರದಲ್ಲಿ ನಮ್ಮ ಮದುವೆಯಾಯಿತು. ಹಿರೇಕೊಡಿಗೆಯ ಸೋದರಮಾವ ಮುಂದೆ ನಿಂತು ಎಲ್ಲ ನಡೆಸಿದರು. ಮಾವ ಎರಡು ಸಲ ಅವರ ಮೇಲೆ ರೇಗಿದರು, ಊಟದ ಹೊತ್ತಿಗೆ ಪಕ್ಕದಲ್ಲೇ ಎಲೆ ಹಾಕಿಸಿಕೊಂಡರು.

ಮಾವ ಬದಲಾಗಿಬಿಟ್ಟರು ಎಂದು ಹೇಳಿದರೆ ಸುಳ್ಳಾಗುತ್ತದೆ. ಈಗಲೂ ಸಾರಿಗೆ ಉಪ್ಪು ಹೆಚ್ಚಾದರೆ ತಟ್ಟೆ ದೂಡುತ್ತಾರೆ. ಲಾಕ್‌ಡೌನಿನಲ್ಲಿ ಪಕ್ಕದ ಮನೆಯವರಿಗೆ ಜ್ವರ ಬಂದು ಯಾರೂ ಹತ್ತಿರ ಸುಳಿಯದಿದ್ದಾಗ, ನಾವೆಲ್ಲ ಬೇಡವೆಂದರೂ ದಿನಾ ಅವರ ಜಗಲಿಗೆ ಗಂಜಿ ಇಟ್ಟು ಬಂದವರೂ ಇವರೇ. ಅತ್ತೆ ಈಗ ಸುಮ್ಮನಿರುವುದಿಲ್ಲ. "ತಟ್ಟೆ ದೂಡಿದ್ರೆ ನೀವೇ ತೊಳೀಬೇಕು" ಎನ್ನುತ್ತಾರೆ. ಮಾವ ಗೊಣಗುತ್ತ ತೊಳೆಯುತ್ತಾರೆ. ತರಗತಿಯಲ್ಲಿ ಮಕ್ಕಳು ಪಾಠದ ಯಾವುದಾದರೂ ಪಾತ್ರವನ್ನು ತೋರಿಸಿ, "ಮಿಸ್, ಇವನು ಒಳ್ಳೆಯವನಾ, ಕೆಟ್ಟವನಾ? ಒಂದು ಹೇಳಿ, ಬರ್ಕೊಳ್ತೀವಿ" ಎಂದು ಕೇಳಿದಾಗ ನನಗೆ ನಮ್ಮ ಮನೆ ಕಣ್ಣ ಮುಂದೆ ಬರುತ್ತದೆ, ಉತ್ತರ ಹೇಳುವುದು ಕಷ್ಟವಾಗುತ್ತದೆ.

ನನ್ನ ಮಾತಿಗೆ ಸಿಟ್ಟಾಗಿ ಎದ್ದು ಹೋದವರು ಆಗಲೂ ಇದ್ದರು, ಈಗಲೂ ಇದ್ದಾರೆ. ಎದ್ದು ಹೋಗಿ, ಪುಸ್ತಕ ಹುಡುಕಿ ಓದಿ, ಬಸ್ಸು ಹತ್ತಿ ವಾಪಸು ಬಂದವರನ್ನು ನಾನು ಕಂಡದ್ದು ಒಬ್ಬರನ್ನೇ.