ಸುತ್ತು ತಪ್ಪಿದ ಗಿಟಾರು

ತೊಂಬತ್ತರ ದಶಕದ ಕೊನೆಯಲ್ಲಿ ಮೆಲ್ಕಾರಿನಲ್ಲಿ ನನಗೊಂದು ಮೋಟಾರು ವೈಂಡಿಂಗ್ ಅಂಗಡಿ ಇತ್ತು. ಸುಟ್ಟುಹೋದ ಪಂಪು, ಫ್ಯಾನು, ಮಿಕ್ಸಿಗಳ ಒಳಗಿನ ತಾಮ್ರದ ತಂತಿ ಬಿಚ್ಚಿ ಹೊಸದು ಸುತ್ತಿ ಕೊಡುವುದು ನನ್ನ ಕೆಲಸ. ಒಂದು ಮಧ್ಯಾಹ್ನ ಮೂಡಬಿದ್ರೆಯಿಂದ ಅರುವತ್ತು ದಾಟಿದವರೊಬ್ಬರು ಬೆಡ್‌ಶೀಟಿನಲ್ಲಿ ಸುತ್ತಿದ ಗಿಟಾರು ಹಿಡಿದುಕೊಂಡು ಬಸ್ಸಿಳಿದು ಬಂದರು. ಇಗರ್ಜಿಯಲ್ಲಿ ಪೂಜೆಗೆ ಹಾಡುವ ಮಕ್ಕಳಿಗೆ ಸಂಗೀತ ಕಲಿಸುತ್ತಿದ್ದವರು. ಎಲ್ಲರಿಗೂ ಅವರು ಮಾಷ್ಟ್ರು. ಅವರ ಮನೆಮಾತು ಕೊಂಕಣಿ, ನಮ್ಮದು ಬ್ಯಾರಿ. ಊರಿನ ಸುದ್ದಿಯೆಲ್ಲ ತುಳುವಿನಲ್ಲಿ ಆಡುತ್ತಿದ್ದೆವು. ಗಿಟಾರಿನ ವಿಷಯಕ್ಕೆ ಬಂದರೆ ಮಾತ್ರ ಯಾಕೋ ಇಬ್ಬರೂ ಕನ್ನಡಕ್ಕೆ ಬರುತ್ತಿದ್ದೆವು.

ಎಲೆಕ್ಟ್ರಿಕ್ ಗಿಟಾರನ್ನು ನಾನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಕುವೈತಿನಲ್ಲಿ ಕೆಲಸದಲ್ಲಿದ್ದಾಗ ಹಳೆಯ ಸಾಮಾನಿನ ಅಂಗಡಿಯಲ್ಲಿ ಅವರಿಗೆ ಸಿಕ್ಕಿದ್ದಂತೆ. ಎರಡು ವರ್ಷದಿಂದ ಸ್ವರವಿಲ್ಲ. ರೇಡಿಯೋ ರಿಪೇರಿಯವರು ನೋಡಿ, ಪಿಕಪ್ಪಿನ ಕಾಯಿಲ್ ಕಡಿದಿದೆ, ವೈಂಡಿಂಗಿನವರಿಗೆ ತೋರಿಸಿ ಎಂದಿದ್ದರು. ಗಿಟಾರಿಗೆ ಇದ್ದದ್ದೇ ಒಂದು ಪಿಕಪ್: ತಂತಿಗಳ ಅಡಿಯಲ್ಲಿ ಕೂತ ಉದ್ದನೆಯ ಪುಟ್ಟ ಡಬ್ಬಿ. ಒಳಗೆ ಅಯಸ್ಕಾಂತದ ಆರು ಕಡ್ಡಿ, ಅವುಗಳ ಸುತ್ತ ಕೂದಲಿಗಿಂತ ಸಪೂರದ ತಂತಿಯ ಸಾವಿರಾರು ಸುತ್ತು. ಮೇಲಿನ ಉಕ್ಕಿನ ತಂತಿ ನಡುಗಿದರೆ ಈ ಕಾಯಿಲಿನಲ್ಲಿ ಚೂರು ಕರೆಂಟು ಹುಟ್ಟುತ್ತದೆ. ಆಂಪ್ಲಿಫೈಯರಿನಲ್ಲಿ ಕೇಳುವುದು ಅದೇ.

"ನಿಮ್ಮಿಂದ ಆಗ್ತದಾ ಸಾಯ್ಬರೇ?" ಎಂದು ಕೇಳಿದರು.

"ಪಂಪಿಂದಾದ್ರೆ ಎಂತ, ಗಿಟಾರಿಂದಾದ್ರೆ ಎಂತ, ಕಾಯಿಲ್ ಕಾಯಿಲೇ ಅಲ್ವಾ ಮಾಷ್ಟ್ರೇ? ಇಟ್ಟು ಹೋಗಿ" ಎಂದೆ.

ಹಳೆಯ ಸುತ್ತು ಎಣಿಸಿಕೊಂಡು ಬಿಚ್ಚುವುದು ನಮ್ಮ ಪದ್ಧತಿ. ಎಷ್ಟಿತ್ತೋ ಅಷ್ಟೇ ಮರಳಿ ಸುತ್ತಬೇಕು. ಆ ತಂತಿಗೆ ಕಿಲುಬು ಹಿಡಿದಿತ್ತು. ಸ್ವಲ್ಪ ಬಿಚ್ಚುವಷ್ಟರಲ್ಲಿ ಕಡಿಯಿತು, ಮತ್ತೆ ಕಡಿಯಿತು. ಕೊನೆಗೆ ಬ್ಲೇಡು ಹಾಕಿ ಕತ್ತರಿಸಿ ತೆಗೆದೆ. ಲೆಕ್ಕ ಹೋಯಿತು. ಅಷ್ಟು ಸಪೂರದ ತಂತಿಯೂ ನನ್ನಲ್ಲಿರಲಿಲ್ಲ. ಇದ್ದುದರಲ್ಲೇ ತೀರಾ ಸಣ್ಣದನ್ನು ಆರಿಸಿ ಸುತ್ತಿದೆ. ಅದು ತುಸು ದಪ್ಪ. ಹಿಂದಿನಷ್ಟು ಸುತ್ತು ಹಿಡಿಯುವ ಮೊದಲೇ ಜಾಗ ತುಂಬಿಹೋಯಿತು. ಮೀಟರಿಟ್ಟು ನೋಡಿದರೆ ಕಾಯಿಲಿಗೆ ಜೀವ ಬಂದಿತ್ತು. ಮಾಷ್ಟ್ರು ಬಂದಾಗ, "ಮೊದಲಿನ ಹಾಗೆಯೇ ಸುತ್ತಿದ್ದೇನೆ" ಎಂದು ಹೇಳಿ ಕೊಟ್ಟೆ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಬಾಯಿಗೆ ಬಂತು.

ವಾರದ ನಂತರ ಪಕ್ಕದ ಎಸ್‌ಟಿಡಿ ಬೂತಿಗೆ ಅವರ ಫೋನು ಬಂತು.

"ಸ್ವರ ಬಂತು ಸಾಯ್ಬರೇ. ಆದ್ರೆ ಮೊದಲಿನದ್ದಲ್ಲ. ಆಗ ದಪ್ಪ ಇತ್ತು, ಬೆಚ್ಚಗೆ ಇತ್ತು. ಈಗ ತಗಡು ಬಡಿದ ಹಾಗೆ ಆಗ್ತದೆ. ಎರಡು ಮಳೆಗಾಲ ಮಂಚದ ಅಡಿಯಲ್ಲಿ ಇಟ್ಟದ್ದು ನನ್ನದೇ ತಪ್ಪು. ಮರ ನೀರು ಕುಡಿದಿರ್ಬೇಕು, ಅಲ್ವಾ?"

ಸುತ್ತು ಕಡಿಮೆಯಾದದ್ದಕ್ಕೇ ಸ್ವರ ತೆಳುವಾಗಿದೆ ಎಂದು ನನಗೆ ತಕ್ಷಣ ಹೊಳೆಯಿತು. "ಇರಬಹುದು" ಎಂದೆ.

ಅಲ್ಲಿಂದ ಮುಂದೆ ಬೂತಿನ ಫೋನು ಯಾರಿಗೆ ಬಂದರೂ ನನ್ನ ಕೈ ನಿಲ್ಲುತ್ತಿತ್ತು. ಮಾಷ್ಟ್ರು ಗಿಟಾರನ್ನು ಬಿಸಿಲಿಗೆ ಇಟ್ಟರು. ಸ್ವರ ಬದಲಾಗಲಿಲ್ಲ. ಒಳಗಿನ ನೀರು ಹೊರಬರಲೆಂದು ಮೈಯ ಬಣ್ಣವನ್ನೆಲ್ಲ ತಾವೇ ಮರಳುಕಾಗದದಲ್ಲಿ ಉಜ್ಜಿ ತೆಗೆದರು. ಅದನ್ನು ಅವರ ಫೋನಿನಲ್ಲಿ ಕೇಳಿದ ದಿನ ಒಂದು ಪಂಪಿಗೆ ವಯರು ಉಲ್ಟಾ ಕೊಟ್ಟು ಗಿರಾಕಿಯಿಂದ ಬೈಸಿಕೊಂಡೆ. ನಾನು ಉಣ್ಣುವುದು ಕಡಿಮೆಯಾದದ್ದು ಕಂಡು ಹೆತ್ತ ಉಮ್ಮ, "ಜ್ವರವಾ?" ಎಂದು ಹಣೆ ಮುಟ್ಟಿ ನೋಡಿದರು. ಇಲ್ಲ ಎಂದೆ. ಎಷ್ಟೋ ಸಲ ಮಾಷ್ಟ್ರ ನಂಬರು ಒತ್ತಿ, ಅತ್ತ ರಿಂಗ್ ಆಗುವ ಮೊದಲೇ ಇಟ್ಟುಬಿಟ್ಟಿದ್ದೇನೆ.

ಆಮೇಲೆ ಒಂದು ದಿನ ಅವರೇ ಫೋನು ಮಾಡಿ ಹೇಳಿದರು: "ಕಿವಿಯ ಡಾಕ್ಟರಿಗೂ ತೋರಿಸಿ ಬಂದೆ. ನನ್ನ ಕಿವಿಯೇ ಹೋಯಿತೋ ಅಂತ ಹೆದರಿಕೆ ಆಗಿತ್ತು. ಕಿವಿ ಸರಿ ಉಂಟಂತೆ. ಹಾಗಾದ್ರೆ ಮರವೇ. ಇಲ್ಲಿ ಚೆಂಡೆ ಮದ್ದಳೆಗೆ ಮರ ಕೊರೆಯುವ ಆಚಾರ್ರು ಇದ್ದಾರೆ, ಅವರ ಕೈಯಲ್ಲಿ ಹಲಸಿನ ಮರದ ಹೊಸ ಮೈ ಮಾಡಿಸುವ. ಗುರುವಾರ ಬನ್ನಿ, ವಯರು ಬಿಚ್ಚಿ ಕೂಡಿಸಲಿಕ್ಕೆ ನೀವೇ ಆಗ್ಬೇಕು."

ಗುರುವಾರ ಬಿ.ಸಿ. ರೋಡಿನಲ್ಲಿ ಸಿದ್ಧಕಟ್ಟೆಯ ಮೇಲೆ ಮೂಡಬಿದ್ರೆಗೆ ಹೋಗುವ ಬಸ್ಸು ಹತ್ತಿದೆ. ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಜೋಡಿಸಿದೆ, ಕೆಡವಿದೆ. ಬಸ್ಸು ಕೆಟ್ಟು ನಿಂತರೆ ಒಳ್ಳೆಯದಿತ್ತು ಅನ್ನಿಸಿತು. ಅದು ಎಂದಿಗಿಂತ ಬೇಗ ತಲುಪಿತು.

ಆಚಾರ್ರ ಕೆಲಸದ ಕೊಟ್ಟಿಗೆಯಲ್ಲಿ ಗಿಟಾರು ಬೆತ್ತಲೆ ಮಲಗಿತ್ತು. ಕೆಂಪಗೆ ಹೊಳೆಯುತ್ತಿದ್ದ ಮೈ ಈಗ ಸಿಪ್ಪೆ ತೆಗೆದ ಗೆಣಸಿನಂತೆ ಬಿಳಿಚಿಕೊಂಡಿತ್ತು. ಆಚಾರ್ರು ಅದನ್ನು ಎತ್ತಿ, ಬೆರಳ ಗಂಟಿನಿಂದ ಕುಟ್ಟಿ, ಕಿವಿಗಿಟ್ಟು ಕೇಳಿದರು.

"ಇದು ನಮ್ಮ ಕಡೆಯ ಮರ ಅಲ್ಲ ಮಾಷ್ಟ್ರೇ. ಆದ್ರೆ ನೀರು ಒಂದು ತೊಟ್ಟು ಇಲ್ಲ ಇದ್ರಲ್ಲಿ. ಒಣಗಿ ಹಪ್ಪಳ ಆಗಿದೆ. ಬೇರೆ ಎಲ್ಲಿಯೋ ದೋಷ ಉಂಟು."

"ಬೇರೆ ಎಲ್ಲಿ? ಪಿಕಪ್ ಇವರು ಮೊದಲಿನ ಹಾಗೆಯೇ ಸುತ್ತಿದ್ದಾರೆ" ಎಂದರು ಮಾಷ್ಟ್ರು.

ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು. "ಸುತ್ತಲಿಲ್ಲ ಮಾಷ್ಟ್ರೇ" ಎಂದೆ. "ಲೆಕ್ಕ ತಪ್ಪಿತು. ತಂತಿಯೂ ದಪ್ಪದ್ದು. ಸುತ್ತು ಕಡಿಮೆ ಬಿದ್ದಿದೆ."

"ಆ ದಿವಸವೇ ಗೊತ್ತಿತ್ತಾ?"

"ಗೊತ್ತಿತ್ತು."

ಅವರು ಬೈಯಲಿಲ್ಲ. ಬೈದಿದ್ದರೆ ಸುಲಭವಿತ್ತು. ಗಿಟಾರಿನ ಬರಿ ಮೈಯನ್ನು ಅಂಗೈಯಿಂದ ಸವರಿದರು. "ಇದನ್ನು ಉಜ್ಜಲಿಕ್ಕೆ ನನಗೆ ಎರಡು ದಿವಸ ಬೇಕಾಯ್ತು" ಎಂದಷ್ಟೇ ಹೇಳಿ ಹೊರಗೆ ಹೋದರು. ಆಚಾರ್ರು ನನ್ನ ಮುಖ ನೋಡದೆ ಸ್ಕ್ರೂಡ್ರೈವರು ಮುಂದಕ್ಕೆ ಸರಿಸಿದರು. ಪಿಕಪ್ ಬಿಚ್ಚಿ ಕಾಗದದಲ್ಲಿ ಕಟ್ಟಿಕೊಂಡು ಹೊರಟೆ.

ಸರಿಯಾದ ತಂತಿಗಾಗಿ ಮಂಗಳೂರಿನ ಅಂಗಡಿಗಳಲ್ಲೆಲ್ಲ ತಿರುಗಿದೆ. ಕೊನೆಗೆ ಹಳೆಯ ಟೆಲಿಫೋನು ಸಾಮಾನು ಮಾರುವವರೊಬ್ಬರಲ್ಲಿ ಒಂದು ರೀಲು ಸಿಕ್ಕಿತು. ಉಸಿರು ಬಿಟ್ಟರೆ ಕಡಿಯುವಂಥದ್ದು. ಎರಡು ಸಲ ಕಡಿಯಿತು, ಮೂರನೆಯ ಸಲ ಡಬ್ಬಿ ತುಂಬುವಷ್ಟು ಸುತ್ತು ಕೂತಿತು. ಮೂಡಬಿದ್ರೆಗೆ ಹೋಗಿ ಮಾಷ್ಟ್ರ ಮನೆಯಲ್ಲೇ ಕೂಡಿಸಿದೆ. ಅವರು ಕಣ್ಣು ಮುಚ್ಚಿ ಒಂದೇ ತಂತಿಯನ್ನು ಮೀಟಿದರು.

"ಹತ್ತಿರ ಬಂತು" ಎಂದರು. "ಅದೇ ಅಲ್ಲ. ಆದ್ರೆ ಹತ್ತಿರ."

ಹಲಸಿನ ಹಲಗೆ ಹೇಗೂ ತಂದಾಗಿತ್ತು. ಹಾಗಾಗಿ ಆಚಾರ್ರು ಬಿಡುವು ಮಾಡಿಕೊಂಡು ಎರಡನೆಯ ಮೈಯನ್ನೂ ಕೆತ್ತಿದರು. ಕೆಲವು ತಿಂಗಳ ಮೇಲೆ ಮಾಷ್ಟ್ರು ಪುನಃ ಕರೆಸಿದರು. ಹೆದರಿಕೊಂಡೇ ಹೋದೆ. ಅದೇ ಪಿಕಪ್ಪನ್ನು ಮೊದಲು ಹಳೆಯ ಮೈಗೆ, ಆಮೇಲೆ ಹಲಸಿನದಕ್ಕೆ ಕೂಡಿಸಲು ಹೇಳಿ ಎರಡನ್ನೂ ನುಡಿಸಿದರು.

"ಸ್ವರದ ಮುಖ ಎರಡಕ್ಕೂ ಒಂದೇ. ಅದು ನಿಮ್ಮ ಕಾಯಿಲಿಂದ. ಆದ್ರೆ ಮುಗಿಯುವುದು ನೋಡಿ, ಹಳೆಯದರಲ್ಲಿ ಮೆಲ್ಲ ಕರಗ್ತದೆ, ಹಲಸಿನದ್ದು ಸ್ವಲ್ಪ ಗಡಸು. ಗೊತ್ತಾಯ್ತಾ?"

ಹೌದು ಎಂದರೆ ಅವರಿಗೆ ಸಂತೋಷವಾಗುತ್ತಿತ್ತು. "ನನಗೆ ಎರಡೂ ಒಂದೇ ಕೇಳ್ತದೆ ಮಾಷ್ಟ್ರೇ" ಎಂದೆ.

ಅವರು ನನ್ನನ್ನೇ ನೋಡಿದರು. ಆಮೇಲೆ ಕುರ್ಚಿಯನ್ನು ಆಂಪ್ಲಿಫೈಯರಿನ ಹತ್ತಿರಕ್ಕೆ ಎಳೆದು, "ಇಲ್ಲಿ ಕೂತುಕೊಳ್ಳಿ, ಇನ್ನೊಮ್ಮೆ ಕೇಳುವ" ಎಂದರು.