ಅವ್ವನ ಕೈಗೆ ಹತ್ತದ ಮುಲಾಮ

ಮೊನ್ನೆ ನನ್ನ ಸೊಸಿ ಪ್ಯಾಟಿಯಿಂದ ಒಂದು ಡಬ್ಬಿ ತಂದು, ಅತ್ತೀ, ಇದು ಪೂರಾ ಗಿಡಮೂಲಿಕೀದು, ಮೊಣಕಾಲಿಗೆ ಹಚ್ಚಿಕೋರಿ ಅಂದ್ಲು. ಮೂಸಿ ನೋಡಿದೆ. ಗಿಡಾನೂ ಇಲ್ಲ, ಮೂಲಿಕೀನೂ ಇಲ್ಲ, ಬರೇ ಅತ್ತರಿನ ವಾಸನಿ. ಮುಲಾಮ ಅಂದ್ರ ಏನಂತ ಇವರಿಗೇನು ಗೊತ್ತು. ಮುಲಾಮ ಮಾಡಾಕಿ ನಮ್ಮವ್ವ. ಅದನ್ನ ಹಚ್ಚಿಕೊಂಡು ಮೆರದಾವ ನಮ್ಮ ದೊಡ್ಡಪ್ಪ.

ನಮ್ಮದು ಬನಹಟ್ಟ್ಯಾಗ ನೇಕಾರ ಮನಿ. ಅಪ್ಪ ತೀರಿಕೊಂಡ ಮ್ಯಾಲೆ ಅವ್ವನೇ ಕುಣಿಮಗ್ಗಕ್ಕ ಇಳದು, ಕುಣ್ಯಾಗ ಕಾಲು ಬಿಟ್ಟು ಕುಂತು ಸೀರಿ ನೇಯತಿದ್ಲು. ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ, ಮಗ್ಗದ ಕೆಲಸ ಕಲ್ತಿದ್ದು ಖರೆ. ಆದ್ರ ಹರೇದಾಗ ಜಮಖಂಡಿಗೆ ಹೋಗಿ ಒಂದು ಕುಸ್ತಿ ಗೆದ್ದ. ಒಂದೇ ಒಂದು. ಅವತ್ತಿನಿಂದ ಪೈಲ್ವಾನ ಆದ. ಸಂಸ್ಥಾನ ಹೋತು, ನಮ್ಮ ಸೀಮಿ ಮುಂಬಯಿ ಸರ್ಕಾರಕ್ಕ ಸೇರಿತು, ಪೈಲ್ವಾನರಿಗೆ ಹಾಲು-ಬದಾಮಿ ಕೊಡೋರು ಯಾರೂ ಉಳೀಲಿಲ್ಲ. ದೊಡ್ಡಪ್ಪನ ಪೈಲ್ವಾನಿಕಿ ಮಾತ್ರ ಹೋಗಲಿಲ್ಲ. ದಿನಾ ಮುಂಜಾನೆ ಕಟ್ಟಿ ಮ್ಯಾಲೆ ಕುಂತು, ಮೊಣಕಾಲಿಗೆ ಮುಲಾಮ ತಿಕ್ಕೋತ, ಹಾದ್ಯಾಗ ಹೋಗೋರನ್ನ ಕರದು ಆ ಕುಸ್ತಿ ಹೇಳಾವ. ಎದುರಿನ ಜಟ್ಟಿ ವರ್ಷಾ ವರ್ಷಾ ಎತ್ತರ ಆಕ್ಕೋತ ಹ್ವಾದ. ಕುಂತು ಉಣ್ಣಾವಗ ಕುಡಿಕಿ ಹೊನ್ನು ಸಾಲದು ಅಂತಾರ. ನಮ್ಮ ಮನ್ಯಾಗ ಕುಡಿಕಿ ಮುಲಾಮ ಸಾಲತಿದ್ದಿಲ್ಲ.

ಮುಲಾಮ ಮಾಡೋದು ಸಣ್ಣ ಕೆಲಸಲ್ಲ. ಲಕ್ಕಿ ಎಲಿ, ಎಕ್ಕಿ ಎಲಿ ಜಜ್ಜಿ ರಸಾ ಹಿಂಡಬೇಕು. ಔಡಲೆಣ್ಣಿ, ಕುಸುಬಿ ಎಣ್ಣಿ ಕೂಡಿಸಿ, ಅದರಾಗ ರಸಾ, ಬಳ್ಳೊಳ್ಳಿ, ಅಜವಾನ ಹಾಕಿ ಸಣ್ಣ ಉರಿ ಮ್ಯಾಲೆ ಕುದಿಸಬೇಕು. ಚಟಚಟ ಅನ್ನೋದು ನಿಂತ್ರ ನೀರು ಹೋತು ಅಂತ ತಿಳೀಬೇಕು. ಆಮ್ಯಾಲೆ ಸೋಸಿ, ಜೇನುಮೇಣ ಕರಗಿಸಿ ಕೆಳಗಿಳಿಸಬೇಕು. ಕರ್ಪೂರ ಕಡೀಕೆ, ಅದೂ ಉಗುರುಬೆಚ್ಚಗ ಆದ ಮ್ಯಾಲೆ. ಸುಡೋದರಾಗ ಹಾಕಿದ್ರ ಹಾರಿ ಹೋಗತೈತಿ. ಗಟ್ಟಿ ಆಗೂತನಕ ತಿರುವುತಿರಬೇಕು. ಇಷ್ಟೆಲ್ಲಾ ಹಿತ್ತಲದಾಗ, ನೂಲಿಗೆ ಹೊಗಿ ಹತ್ತಬಾರದು ಅಂತ.

ಆ ವಾಸನಿ ಬಂತಂದ್ರ ಓಣಿಗೆ ಓಣೀನೇ ಕುಂಟಾಕ ಶುರು ಮಾಡತಿತ್ತು. ನಿನ್ನೆ ನೆಟ್ಟಗ ನಡದವರೂ ಸೊಂಟಾ ಹಿಡಕೊಂಡು ಬರೋರು. ಪುಕ್ಕಟೆ ಸಿಕ್ಕರ ನನಗೊಂದಿರಲಿ, ನಮ್ಮಪ್ಪಗೊಂದಿರಲಿ.

ಖರೆ ನೋವು ಇದ್ದದ್ದು ಅವ್ವನ ಕೈಗೆ. ಮಗ್ಗ ಎಳದೆಳದು ಬಲಗೈ ಹೆಬ್ಬಟ್ಟು ಬಾತಿತ್ತು, ಮಣಿಕಟ್ಟು ತಿರುಗತಿದ್ದಿಲ್ಲ. ಆದ್ರ ಆಕಿ ಮುಲಾಮ ಹಚ್ಚಿಕೊಳ್ಳೂ ಹಂಗಿಲ್ಲ. ಎಣ್ಣಿ ಕೈಲೆ ನೂಲು ಮುಟ್ಟಿದ್ರ ಕಲಿ ಬೀಳತೈತಿ. ಒಮ್ಮೆ ಸಂಜಿಮುಂದ ಹಚ್ಚಿಕೊಂಡು, ಮುಂಜಾನೆ ಕಡ್ಲಿಹಿಟ್ಟಿಲೆ ತೊಳಕೊಂಡು ಕುಂತಿದ್ಲು. ಆದ್ರೂ ನೇಯತಿದ್ದ ಸೀರಿ ಸೆರಗಿನ ಮ್ಯಾಲೆ ಹೆಬ್ಬಟ್ಟಿನ ಗುರುತು ಮೂಡಿತು. ನೂಲು ಕೊಟ್ಟು ಸೀರಿ ಒಯ್ಯೂ ಸಾವುಕಾರ ಅದನ್ನ ತಿರುಗಿ ಒಗದ. ದೊಡ್ಡಪ್ಪ ತನ್ನ ಮುಲಾಮದ ಕೈ ಒರಸಿಕೋತ, ಹೆಂಗಸರ ಕೈಗೆ ಮಗ್ಗ ಕೊಟ್ರ ಹಿಂಗ ಆಗೋದು ಅಂದ. ನಾಚಿಕಿ ಅನ್ನೋದು ಆ ಮೈಯಾಗ ಯಾವ ಕೀಲಿನಾಗೂ ಇರಲಿಲ್ಲ. ಅವತ್ತಿನಿಂದ ಅವ್ವಗ ಮುಲಾಮ ಅಮಾಸಿಗೊಮ್ಮೆ, ಮಗ್ಗಕ್ಕ ಸೂಟಿ ಇದ್ದ ದಿನ ಅಷ್ಟೇ.

ಬೀಳಗಿ ಕಡೆಯ ಕುರುಬರ ಮುದುಕಿ ಒಬ್ಬಾಕಿ ನಮಗ ಜೇನುಮೇಣ ತಂದು ಕೊಡತಿದ್ಲು. ಒಂದಿನ ಅವ್ವ ಮೇಣದ ಉಂಡಿ ಹಿಡ್ಯಾಕ ಹೋದ್ರ ಹೆಬ್ಬಟ್ಟು ಮಡಚಲಿಲ್ಲ, ಉಂಡಿ ನೆಲಕ್ಕ ಬಿತ್ತು. ಮುದುಕಿ ಆ ಕೈ ಹಿಚುಕಿ ನೋಡಿ, ಹಿಂಗೇ ಬಿಟ್ರ ಇದು ಮುಂದ ತುತ್ತು ಸೈತ ಎತ್ತೂದಿಲ್ಲ, ಮಗ್ಗದ ಮಾತು ದೂರ ಅಂದ್ಲು. ಮಾಡಿದಾಕಿ ಕೈಗೇ ಹತ್ತದ ಮುಲಾಮ ಯಾತರದು ಬೇ ಅಂತ ಬೈದು ಹೋದ್ಲು. ಆ ಕೈ ಹೋದ್ರ ಮನಿಗೆ ಮನೀನೇ ಉಪಾಸ, ಅಷ್ಟು ನನಗೂ ತಿಳೀತಿತ್ತು.

ಮರುದಿನ ಅಮಾಸಿ ಅಲ್ಲ, ಹುಣ್ಣಿವಿ ಅಲ್ಲ. ಮಗ್ಗದ ಮ್ಯಾಲೆ ಅರ್ಧಾ ಸೀರಿ ಇತ್ತು. ಅವ್ವ ಡಬ್ಬಿ ತಗದು ಎರಡೂ ಕೈಗೆ ಮೊಣಕೈತನಕ ಮುಲಾಮ ಬಳಕೊಂಡು, ಮ್ಯಾಲೆ ಬಿಸಿ ಮಾಡಿದ ಔಡಲ ಎಲಿ ನನ್ನ ಕಡೆಯಿಂದ ಸುತ್ತಿಸಿಕೊಂಡು, ಪಡಸಾಲ್ಯಾಗ ಕುಂತುಬಿಟ್ಲು. ದೊಡ್ಡಪ್ಪ ಚಾದಂಗಡಿಯಿಂದ ಬಂದು, ಮಗ್ಗದ ಸಪ್ಪಳಾ ಯಾಕಿಲ್ಲ ಅಂತ ನನ್ನ ಕೇಳಿದ.

ನಮ್ಮ ಮನ್ಯಾಗ ಗಂಡನ ಅಣ್ಣನ ಜೋಡಿ ಸೊಸಿ ಮಾತಾಡೂ ಪದ್ಧತಿ ಇರಲಿಲ್ಲ. ಇಷ್ಟು ವರ್ಷ ಅವ್ವ ಏನು ಹೇಳೂದಿದ್ರೂ ಗ್ವಾಡಿ ಕಡೆ ಮಾರಿ ಮಾಡಿ, ನನ್ನ ಹೆಸರು ಹಿಡದು ಹೇಳತಿದ್ಲು. ಅವತ್ತು ತಲಿ ಮ್ಯಾಲಿನ ಸೆರಗು ಹಂಗೇ ಇತ್ತು, ಮಾರಿ ಮಾತ್ರ ಸೀದಾ ಅವನ ಕಡೆ ಇತ್ತು.

“ಭಾವಾರ, ನನ್ನ ಕೈಗೆ ಮುಲಾಮ ಐತ್ರಿ. ನಿಮ್ಮ ಕೈ ತೊಳಕೊಂಡು ಮಗ್ಗಕ್ಕ ಇಳೀರಿ.”

ದೊಡ್ಡಪ್ಪ ಬಚ್ಚಲಕ್ಕ ಹೋಗಿ ಬೂದಿ ಹಚ್ಚಿ ಕೈ ತಿಕ್ಕಿಕೊಂಡ. ಪೈಲ್ವಾನ ಕುಣಿಗೆ ಇಳಿಯೋದು ಓಣಿ ಮಂದಿ ನೋಡಬಾರದಂತ ಬಾಗಲಾ ಮುಂದ ಮಾಡಿದ. ಮುಂಜಾನೆಲ್ಲಾ ಎಳಿ ಹರಕೋತ, ಬೈಕೋತ ಕುಂತಿದ್ದ. ಮಧ್ಯಾಹ್ನಕ್ಕ ಕೈಗೆ ಹಳೇ ಕಸಬು ನೆನಪಾತು, ಮಗ್ಗ ನಡೀತು.

ಸಂಜಿಗೆ ಕುಣಿಯಿಂದ ಎದ್ದಾಗ ನೆಟ್ಟಗ ನಿಂದರಾಕ ಬರಲಿಲ್ಲ. ಕಂಬಾ ಹಿಡಕೊಂಡು, ಮೊಣಕಾಲಿಗೆ ಹಚ್ಚಿಕೊಳ್ಳಾಕ ಡಬ್ಬಿ ತಾ ಅಂತ ನನಗ ಹೇಳಿದ. ಆ ಮೊಣಕಾಲಿಗೆ ಖರೆ ನೋವಾದದ್ದು ಅವತ್ತೇ ಮೊದಲಿರಬೇಕು. ಅವ್ವ ಮತ್ತ ಗ್ವಾಡಿ ಕಡೆ ಮಾರಿ ತಿರುಗಿಸಿ, ನನ್ನ ಹೆಸರು ಹಿಡದು ಅಂದ್ಲು:

“ನಾಳೆ ಮಗ್ಗ ಐತಿ. ಅಮಾಸಿಗೆ ಹಚ್ಚಿಕೊಳ್ಳಲಿ ಅಂತ ಹೇಳವಾ ನಿಮ್ಮ ದೊಡ್ಡಪ್ಪಗ.”